ಡರ್ಟಿ ಬಾಂಬ್ ಭಯಕ್ಕೆ ಅಯೋಡಿನ್ ಮಾತ್ರೆ ಮದ್ದೇ?

ಪ್ರಶ್ನೆ: ಉಗ್ರರು ವಿಕಿರಣಶೀಲ ವಸ್ತು ಬೆರೆಸಿದ ‘ಡರ್ಟಿ ಬಾಂಬ್’ ಸಿಡಿಸಿದರೆ ಅಯೋಡಿನ್ ಮಾತ್ರೆ ಕಾಪಾಡುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ಮುನ್ನೆಚ್ಚರಿಕೆಯಾಗಿ ಮನೆಯಲ್ಲಿ ತಂದಿಟ್ಟುಕೊಳ್ಳಬೇಕೇ?

ಬೇಡ. ಅಂಥ ದಿನ ಬಂದರೆ ನಿಮ್ಮನ್ನು ಕಾಪಾಡುವುದು ಮಾತ್ರೆಯಲ್ಲ, ಮೈಮೇಲಿನ ಬಟ್ಟೆಯನ್ನು ಬೇಗ ಕಳಚಿ ಹಾಕುವುದು.

ಅಯೋಡಿನ್ ಮಾತ್ರೆ, ಅಂದರೆ ಪೊಟ್ಯಾಸಿಯಂ ಅಯೋಡೈಡ್, ಮಾಡುವುದು ಒಂದೇ ಕೆಲಸ. ಥೈರಾಯ್ಡ್ ಗ್ರಂಥಿಯನ್ನು ಮೊದಲೇ ಒಳ್ಳೆಯ ಅಯೋಡಿನ್‌ನಿಂದ ತುಂಬಿಸಿಬಿಡುತ್ತದೆ. ಆಮೇಲೆ ಬರುವ ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗವಿರುವುದಿಲ್ಲ. ವಿಕಿರಣಶೀಲ ಅಯೋಡಿನ್ ಹೊರಬೀಳುವುದು ಮುಖ್ಯವಾಗಿ ಅಣುಸ್ಥಾವರದ ಅಪಘಾತದಲ್ಲಿ. ಅದರ ಮುಖ್ಯ ರೂಪವಾದ ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಬರೀ 8 ದಿನ. ಕದ್ದು ಬಚ್ಚಿಟ್ಟುಕೊಂಡು ಕಾಲ ಕಾಯುವವರಿಗೆ ಅದು ಒದಗುವ ಸರಕಲ್ಲ. ತಜ್ಞರು ಹೆದರುವುದು ಸೀಸಿಯಂ-137, ಕೋಬಾಲ್ಟ್-60ರಂಥವಕ್ಕೆ. ಆಸ್ಪತ್ರೆ, ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಇವುಗಳ ಅರ್ಧಾಯುಷ್ಯ ಕ್ರಮವಾಗಿ 30 ವರ್ಷ ಮತ್ತು ಸುಮಾರು 5 ವರ್ಷ. ಇವುಗಳ ಮುಂದೆ ಅಯೋಡಿನ್ ಮಾತ್ರೆ ನುಂಗುವುದೂ ಒಂದೇ, ಬಿಡುವುದೂ ಒಂದೇ. ಸೀಸಿಯಂ ಹೊಟ್ಟೆಗೆ ಹೋಗಿದ್ದರೆ ಅದಕ್ಕೆ ‘ಪ್ರಶ್ಯನ್ ಬ್ಲೂ’ ಎಂಬ ಬೇರೆಯೇ ಔಷಧವಿದೆ. ಕರುಳಿನಲ್ಲಿ ಸೀಸಿಯಂ ಅನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಅದನ್ನು ವೈದ್ಯರೇ ಕೊಡಬೇಕು.

ಇನ್ನು ಡರ್ಟಿ ಬಾಂಬ್ ಅಣುಬಾಂಬ್ ಅಲ್ಲ. ಮಾಮೂಲಿ ಸ್ಫೋಟಕಕ್ಕೆ ವಿಕಿರಣಶೀಲ ವಸ್ತು ಸೇರಿಸಿ ಚೆಲ್ಲುವ ಹುನ್ನಾರ ಅಷ್ಟೆ. ಸ್ಥಳದಲ್ಲಿ ಸಾಯುವವರು ಬಹುಮಟ್ಟಿಗೆ ಸ್ಫೋಟದಿಂದಲೇ ಸಾಯುತ್ತಾರೆ, ವಿಕಿರಣದಿಂದಲ್ಲ. ಉಗ್ರರು ಇಂಥ ಬಾಂಬ್ ಎಲ್ಲಿಯೂ ಸಿಡಿಸಿದ ದಾಖಲೆ ಇಲ್ಲ. 1995ರಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಉದ್ಯಾನವೊಂದರಲ್ಲಿ ಸೀಸಿಯಂ ಇದ್ದ ಪೊಟ್ಟಣ ಹುಗಿದಿಟ್ಟು ಟಿವಿಯವರಿಗೆ ಸುಳಿವು ಕೊಟ್ಟಿದ್ದರು. ಸಿಡಿಸಲಿಲ್ಲ. ಹೆದರಿಸುವುದಕ್ಕೆ ಅಷ್ಟೇ ಸಾಕಾಗಿತ್ತು.

ಹಾಗಾದರೆ ವಿಕಿರಣಶೀಲ ಧೂಳು ಊರೊಳಗೆ ಹರಡಿದರೆ ಏನಾಗುತ್ತದೆ? ಇದಕ್ಕೆ ಬ್ರೆಜಿಲ್‌ನ ಗೊಯಾನಿಯಾ ನಗರಕ್ಕೆ ಹೋಗಬೇಕು. ಅಲ್ಲಿ ಉಗ್ರರಿರಲಿಲ್ಲ, ಗುಜರಿಯವರಿದ್ದರು. 1987ರ ಸೆಪ್ಟೆಂಬರ್‌ನಲ್ಲಿ, ಪಾಳುಬಿದ್ದ ಕ್ಯಾನ್ಸರ್ ಚಿಕಿತ್ಸಾಲಯದಿಂದ ಇಬ್ಬರು ಹಳೆಯ ಯಂತ್ರದ ಭಾಗವೊಂದನ್ನು ಕಿತ್ತು ತಂದು ಬಿಚ್ಚಿದರು. ಒಳಗಿದ್ದ ಸೀಸಿಯಂ ಕ್ಲೋರೈಡ್ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅದನ್ನು ಕೊಂಡ ಗುಜರಿ ಅಂಗಡಿಯವನು ನೆಂಟರಿಷ್ಟರಿಗೆಲ್ಲ ಚೂರುಚೂರು ಹಂಚಿದ. ಕೆಲವರು ಮೈಗೆ ಹಚ್ಚಿಕೊಂಡರು. ಆರು ವರ್ಷದ ಹುಡುಗಿಯೊಬ್ಬಳು ಪುಡಿ ಮುಟ್ಟಿದ ಕೈಯಲ್ಲೇ ತಿಂಡಿ ತಿಂದಳು. ಮನೆಮಂದಿಯೆಲ್ಲ ಕಾಯಿಲೆ ಬೀಳುವುದನ್ನು ಕಂಡ ಅಂಗಡಿಯವನ ಹೆಂಡತಿಗೆ ಆ ವಸ್ತುವಿನ ಮೇಲೆಯೇ ಅನುಮಾನ ಬಂತು. ಅದನ್ನು ಚೀಲಕ್ಕೆ ಹಾಕಿಸಿ, ಬಸ್ಸಿನಲ್ಲೇ ಆರೋಗ್ಯ ಕಚೇರಿಗೆ ಒಯ್ದಳು. ವೈದ್ಯರಿಗೆ ಹೊಳೆಯದಿದ್ದದ್ದು ಆ ಹೆಣ್ಣುಮಗಳಿಗೆ ಹೊಳೆದಿತ್ತು. ಅವಳೂ ಆ ಹುಡುಗಿಯೂ ಸೇರಿ ನಾಲ್ವರು ಸತ್ತರು.

ಇಲ್ಲಿ ಗಮನಿಸಬೇಕಾದ ಲೆಕ್ಕ ಬೇರೆ. ಸುದ್ದಿ ಹಬ್ಬುತ್ತಿದ್ದಂತೆ ಸುಮಾರು 1,12,000 ಜನರನ್ನು ಕ್ರೀಡಾಂಗಣದಲ್ಲಿ ಸಾಲಾಗಿ ತಪಾಸಣೆ ಮಾಡಬೇಕಾಯಿತು. ಪುಡಿ ತಗುಲಿದ್ದು 249 ಮಂದಿಗೆ. ಸತ್ತ ಮಗುವಿನ ಶವಸಂಸ್ಕಾರಕ್ಕೂ ಜನ ಕಲ್ಲು ತೂರಿ ಅಡ್ಡಿಪಡಿಸಿದರು. ಉಗ್ರನೊಬ್ಬ ಬಯಸುವುದು ಈ ಗಾಬರಿಯನ್ನೇ.

ನಮ್ಮಲ್ಲೂ ಇಂಥದ್ದು ನಡೆದಿದೆ. ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಉಪಕರಣದಲ್ಲಿದ್ದ ಕೋಬಾಲ್ಟ್-60, 2010ರಲ್ಲಿ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿ ಒಬ್ಬ ಕಾರ್ಮಿಕನನ್ನು ಬಲಿ ತೆಗೆದುಕೊಂಡಿತು. ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಅಣುಶಕ್ತಿ ನಿಯಂತ್ರಣ ಮಂಡಳಿಯ ತಜ್ಞರು ವಿಕಿರಣ ಅಳೆಯುವ ಮೀಟರ್ ಹಿಡಿದು ಅಂಗಡಿ ಅಂಗಡಿ ಸೋಸಿ ಚೂರುಗಳನ್ನು ಹೆಕ್ಕಿದರು.

ವಿಕಿರಣ ತಾಗುವುದು ಬೇರೆ, ವಿಕಿರಣಶೀಲ ಧೂಳು ಮೆತ್ತುವುದು ಬೇರೆ. ಎಕ್ಸ್-ರೇ ತೆಗೆಸಿಕೊಂಡವರಿಂದ ಪಕ್ಕದವರಿಗೆ ಏನೂ ಆಗುವುದಿಲ್ಲ. ಹಾಗೆಯೇ ವಿಕಿರಣ ತಾಗಿದ ಮಾತ್ರಕ್ಕೆ ಯಾರೂ ಮುಟ್ಟಬಾರದವರಾಗುವುದಿಲ್ಲ. ಧೂಳು ಮೆತ್ತಿದವರು ಮಾತ್ರ ಅದನ್ನು ಮನೆಗೂ ಆಸ್ಪತ್ರೆಗೂ ಹೊತ್ತೊಯ್ಯುತ್ತಾರೆ. ಡರ್ಟಿ ಬಾಂಬ್‌ನಲ್ಲಿ ಹೆಚ್ಚಿನವರಿಗೆ ಎದುರಾಗುವುದು ಧೂಳಿನ ಸಮಸ್ಯೆ. ಧೂಳು ತೊಳೆದರೆ ಹೋಗುತ್ತದೆ.

ಸ್ಫೋಟವಾದ ಕೂಡಲೇ ಅದರಲ್ಲಿ ಏನಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ವಿಕಿರಣಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ಮೀಟರ್ ಬರಬೇಕು. ಆದ್ದರಿಂದ ಯಾವ ಸ್ಫೋಟವಾದರೂ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಂಡು, ಅಲ್ಲಿಂದ ದೂರವಿರುವ ಗಟ್ಟಿ ಕಟ್ಟಡದೊಳಗೆ ಹೋಗಿ. ವಿಡಿಯೊ ತೆಗೆಯಲು ನಿಲ್ಲಬೇಡಿ, ಚೆಲ್ಲಿದ ಲೋಹದ ಚೂರು ಮುಟ್ಟಬೇಡಿ. ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು, ಮೇಲುಡುಪನ್ನು ನಿಧಾನವಾಗಿ ಬಿಚ್ಚಿ. ಅಂಗಿಯಾದರೆ ಗುಂಡಿ ಬಿಚ್ಚಿ ತೆಗೆಯಿರಿ. ತಲೆಯ ಮೇಲಿಂದ ಎಳೆಯಬೇಕಾದ ಉಡುಪನ್ನು ಕತ್ತರಿಸಿದರೂ ಸರಿಯೇ. ಸೀರೆಯನ್ನು ಕೊಡವಬೇಡಿ, ಕೊಡವುವುದು ನಮಗೆಲ್ಲ ಕೈಗೆ ಬಂದ ಅಭ್ಯಾಸ. ಒಳಮುಖವಾಗಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಜನರಿಂದ ದೂರವಿಡಿ. ಇಷ್ಟಕ್ಕೇ ಮೈಮೇಲಿನ ಧೂಳಿನ ಶೇ 90ರವರೆಗೂ ಹೋಗಬಹುದು. ಆಮೇಲೆ ಸೋಪು, ಉಗುರುಬೆಚ್ಚಗಿನ ನೀರು. ಚರ್ಮ ಗೀಚುವಂತೆ ಉಜ್ಜಬೇಡಿ, ಕೂದಲಿಗೆ ಕಂಡೀಷನರ್ ಹಚ್ಚಬೇಡಿ. ಅದು ಧೂಳನ್ನು ಕೂದಲಿಗೆ ಅಂಟಿಸಿಬಿಡುತ್ತದೆ.

ಕಿಟಕಿ ಮುಚ್ಚಿ, ಎ.ಸಿ. ಆರಿಸಿ, ರೇಡಿಯೊ ಅಥವಾ ಟಿವಿಯಲ್ಲಿ ಅಧಿಕೃತ ಸೂಚನೆ ಬರುವವರೆಗೆ ಒಳಗೇ ಇರಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಮಕ್ಕಳನ್ನು ಕರೆತರಲು ಶಾಲೆಗೆ ಓಡಬೇಡಿ ಎಂದರೆ ಯಾವ ತಾಯಿತಂದೆಗೂ ರುಚಿಸುವುದಿಲ್ಲ, ಆದರೂ ಆ ಹೊತ್ತಿನಲ್ಲಿ ಬೀದಿಗಿಂತ ಶಾಲೆಯ ಕಟ್ಟಡವೇ ಲೇಸು. ಗಾಯಗೊಂಡವರ ಮಾತು ಬೇರೆ: ರಕ್ತ ಸೋರುತ್ತಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಮೀಟರ್. ಜೀವ ಉಳಿಸುವ ಚಿಕಿತ್ಸೆಯನ್ನು ಧೂಳಿನ ಭಯಕ್ಕೆ ತಡಮಾಡಬಾರದು ಎಂಬುದು ಜಗತ್ತಿನಾದ್ಯಂತ ಒಪ್ಪಿರುವ ನಿಯಮ.

ಮಾತ್ರೆಗೆ ಬದಲಾಗಿ ಅಯೋಡಿನ್ ಉಪ್ಪು ತಿನ್ನುತ್ತೇವೆ ಎನ್ನುವವರಿಗೂ ಒಂದು ಮಾತು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತವಾದಾಗ ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದಿದ್ದರು. ಒಂದು ಮಾತ್ರೆಯಷ್ಟು ಅಯೋಡಿನ್ ಸಿಗಬೇಕಾದರೆ ಕಿಲೋಗಟ್ಟಲೆ ಉಪ್ಪು ತಿನ್ನಬೇಕು. ಗಾಯಕ್ಕೆ ಹಚ್ಚುವ ಟಿಂಚರ್ ಕುಡಿಯುವುದಂತೂ ವಿಷ ಕುಡಿದಂತೆ.

ಮಾತ್ರೆಗೆ ನಿಜವಾಗಿ ಅರ್ಥವಿರುವುದು ಕೈಗಾದಂಥ ಅಣುಸ್ಥಾವರಗಳ ಆಸುಪಾಸಿನಲ್ಲಿ. ಅಲ್ಲಿಯೂ ಆಡಳಿತ ಹೇಳಿದಾಗ, ಹೇಳಿದ ಪ್ರಮಾಣದಲ್ಲಿ ಮಾತ್ರ ನುಂಗಬೇಕು; ಹೊತ್ತು ಮೀರಿದರೆ ಪ್ರಯೋಜನ ಕಡಿಮೆ. ಥೈರಾಯ್ಡ್ ತೊಂದರೆ ಇರುವವರು ತಮ್ಮ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.