ಕರಗಲೊಲ್ಲದ ನೂಲು

ಕೂಸಿನ ಕುಲಾವಿ ಹೆಣೆಯಲು ಅಂಗಡಿಯಿಂದ ತರುವ ‘ಉಲ್ಲನ್’ ಉಂಡೆಯಲ್ಲಿ ಎಷ್ಟೋ ಸಲ ಕುರಿಯ ಒಂದು ಕೂದಲೂ ಇರುವುದಿಲ್ಲ. ಅದು ಅಕ್ರಿಲಿಕ್. ಪೆಟ್ರೋಲಿಯಂನಿಂದ ಸಿಗುವ ಪ್ರೊಪಿಲೀನ್ ಅನಿಲವನ್ನು ಅಮೋನಿಯಾ ಮತ್ತು ಗಾಳಿಯ ಜೊತೆ ವೇಗವರ್ಧಕದ ಮೇಲೆ ಹಾಯಿಸಿದರೆ ಅಕ್ರಿಲೋನೈಟ್ರೈಲ್ ಸಿಗುತ್ತದೆ. ಅದರ ಅಣುಗಳು ಸಾಲಾಗಿ ಕೈಹಿಡಿದು ನಿಂತರೆ ಪಾಲಿಅಕ್ರಿಲೋನೈಟ್ರೈಲ್.

ಜರ್ಮನಿಯಲ್ಲಿ ಈ ಪಾಲಿಮರ್ (ಅಣುಗಳ ಉದ್ದ ಸರಪಳಿ) 1930ರಲ್ಲೇ ತಯಾರಾಗಿತ್ತು. ನೂಲಾಗಿ ಮಾರುಕಟ್ಟೆಗೆ ಬರಲು ಮಾತ್ರ ಇಪ್ಪತ್ತು ವರ್ಷ ಹಿಡಿಯಿತು. ನೈಲಾನನ್ನಾದರೆ ಕರಗಿಸಿ, ಸಣ್ಣ ತೂತುಗಳಿಂದ ಶಾವಿಗೆಯಂತೆ ಒತ್ತಿ ಎಳೆ ತೆಗೆಯಬಹುದು. ಬೆಣ್ಣೆ ಬಿಸಿಗೆ ಕರಗುತ್ತದೆ, ಉಪ್ಪು ನೀರಲ್ಲಿ ಕರಗುತ್ತದೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಈ ಪಾಲಿಮರ್ ಎರಡೂ ಅರ್ಥದಲ್ಲಿ ಕರಗುತ್ತಿರಲಿಲ್ಲ! ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಅಂಟಿಕೊಂಡ ನೈಟ್ರೈಲ್ ಗುಂಪೇ, ಅಂದರೆ ಇಂಗಾಲ-ಸಾರಜನಕದ ಜೋಡಿಯೇ, ಇದಕ್ಕೆ ಕಾರಣ. ಅದರ ಸಾರಜನಕದ ತುದಿಯಲ್ಲಿ ತುಸು ಋಣ, ಇಂಗಾಲದ ತುದಿಯಲ್ಲಿ ತುಸು ಧನ ವಿದ್ಯುದಂಶ. ಹಾಗಾಗಿ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಸೆಳೆದುಕೊಳ್ಳುತ್ತವೆ. ಕಾಯಿಸಿದರೆ ಕರಗುವ ಮೊದಲೇ ಕಂದಾಗಿ, ಕಪ್ಪಾಗಿ ಬೇರೆಯೇ ವಸ್ತುವಾಗುತ್ತದೆ. 1940ರ ದಶಕದಲ್ಲಿ ಅದನ್ನು ಕರಗಿಸಬಲ್ಲ ಡೈಮಿಥೈಲ್ ಫಾರ್ಮಮೈಡ್ ಎಂಬ ದ್ರಾವಕ ಸಿಕ್ಕಿದ ಮೇಲೆ ದಾರಿ ತೆರೆಯಿತು. 1950ರಲ್ಲಿ ಅಮೆರಿಕದ ಡ್ಯೂಪಾಂಟ್ ‘ಆರ್ಲಾನ್’ ಹೆಸರಿನಲ್ಲಿ ಉತ್ಪಾದನೆ ಶುರುಮಾಡಿತು.

ಶುದ್ಧ ಪಾಲಿಮರಿಗೆ ಬಣ್ಣವೂ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಬೇರೆ ಘಟಕಗಳನ್ನು ಸ್ವಲ್ಪ ಬೆರೆಸುತ್ತಾರೆ. ಅಕ್ರಿಲಿಕ್ ಎನ್ನಿಸಿಕೊಳ್ಳಲು ತೂಕದಲ್ಲಿ ಕನಿಷ್ಠ ಶೇ. 85 ಅಕ್ರಿಲೋನೈಟ್ರೈಲ್ ಇರಬೇಕು. ಉಣ್ಣೆಯ ಉಬ್ಬು ಬರಿಸುವ ಉಪಾಯವಂತೂ ನನಗೆ ಬಹಳ ಇಷ್ಟ. ಕುಗ್ಗುವ ಎಳೆ, ಕುಗ್ಗದ ಎಳೆ ಎರಡನ್ನೂ ಸೇರಿಸಿ ನೂತು ಹಬೆಗೆ ಒಡ್ಡುತ್ತಾರೆ. ಮೊದಲನೆಯದು ಕುಗ್ಗಿದಾಗ ಎರಡನೆಯದು ಬಳುಕಿ ಹೊರಕ್ಕೆ ಉಬ್ಬುತ್ತದೆ. ನಡುವೆ ಸಿಕ್ಕಿಬಿದ್ದ ಗಾಳಿಯೇ ನಮ್ಮನ್ನು ಬೆಚ್ಚಗಿಡುತ್ತದೆ. ಬಿಸಿಲಿಗೂ ಅಕ್ರಿಲಿಕ್ ಸುಲಭಕ್ಕೆ ಹಾಳಾಗದು. ಅಂಗಡಿ ಮುಂದಿನ ನೆರಳು ಬಟ್ಟೆಗೆ ಅದು ಒಗ್ಗುವುದು ಅದಕ್ಕೇ. ಆದರೆ ಒಗೆದಾಗಲೆಲ್ಲ ಉದುರುವ ಸಣ್ಣ ಎಳೆಗಳು ನೀರು ಸೇರಿ, ಕೊಳೆಯದೆ ಉಳಿಯುತ್ತವೆ. ಅದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಕರಗದ ಆ ಗುಣ ಇನ್ನೊಂದೆಡೆ ವರವಾಯಿತು. ಎಳೆಯನ್ನು ಬಿಗಿಯಾಗಿ ಎಳೆದು ಹಿಡಿದು 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಗೊಡ್ಡಿದರೆ ನೈಟ್ರೈಲ್ ಗುಂಪುಗಳು ಒಂದಕ್ಕೊಂದು ಕೂಡಿ ಉಂಗುರಗಳ ಏಣಿಯಾಗುತ್ತವೆ. ಆಮೇಲೆ ಸಾರಜನಕದಲ್ಲಿ ಸಾವಿರ ಡಿಗ್ರಿ ದಾಟಿಸಿದರೆ ಉಳಿಯುವುದು ಬಹುಪಾಲು ಇಂಗಾಲ. ಇದೇ ಕಾರ್ಬನ್ ಫೈಬರ್. 1960ರ ಸುಮಾರಿಗೆ ಜಪಾನಿನ ಅಕಿಯೊ ಶಿಂಡೊ ಈ ದಾರಿ ತೋರಿದರು. ಅಂಥ ಎಳೆಯನ್ನು ದೇಶದಲ್ಲೇ ತಯಾರಿಸುವ ತಂತ್ರವನ್ನು ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದೆ. ತೇಜಸ್ ಯುದ್ಧವಿಮಾನದ ರೆಕ್ಕೆಗಳಲ್ಲಿರುವುದೂ ಕಾರ್ಬನ್ ಎಳೆಗಳೇ.