ತಾಯಿ ಕಾರ್ಡ್‌ಗೂ ಮೊದಲಿನ ದಿನಗಳು

ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವುದು ನರಕೊಳವೆಯಿಂದ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಈ ಕೊಳವೆ ಮುಚ್ಚಿಕೊಳ್ಳಬೇಕು. ಅಷ್ಟು ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರವಾಗಿರುತ್ತದೆ, ಅಷ್ಟೆ. ನಮ್ಮ ಹಳ್ಳಿಗಳ ಎಷ್ಟೋ ಸೊಸೆಯಂದಿರು ಆಗಿನ್ನೂ ಅತ್ತೆಯ ಹತ್ತಿರವೂ ಬಾಯಿಬಿಟ್ಟಿರುವುದಿಲ್ಲ. ಸುದ್ದಿ ಆಶಾ ಕಾರ್ಯಕರ್ತೆಗೆ ತಲುಪಿ, ತಾಯಿ ಕಾರ್ಡ್ ಆಗಿ, ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆ ಕೈಸೇರುವ ಹೊತ್ತಿಗೆ ಕೊಳವೆಯ ಕೆಲಸ ಮುಗಿದಿರುತ್ತದೆ.

ನರಕೊಳವೆಯ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರ ಮೇಲೆ 7 ದೇಶಗಳಲ್ಲಿ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ಅದೇ ದೋಷ ಮರುಕಳಿಸುವುದು 72% ತಗ್ಗಿತ್ತು. ಅಂಥವರಿಗೆ ಹೆಚ್ಚಿನ ಪ್ರಮಾಣ ಬೇಕು, ಅದನ್ನು ವೈದ್ಯರೇ ಬರೆದುಕೊಡುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಬಸಿರಿಗೆ ಕನಿಷ್ಠ ಒಂದು ತಿಂಗಳ ಮೊದಲೇ ಶುರುವಾಗಬೇಕು. ಹೊಸದಾಗಿ ಮದುವೆಯಾದ ಹುಡುಗಿಗೆ ಈ ಮಾತನ್ನು ಹೇಳುವವರು ಯಾರು ಎಂಬುದೇ ನನ್ನ ಚಿಂತೆ.

ರಕ್ತಹೀನತೆಯ ಕಥೆ ಇನ್ನೂ ಹಳೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಒಂದು ಬಸಿರಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ನಾವು ಉಣ್ಣುವ ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಮೊದಲೇ ಕೂಡಿಟ್ಟದ್ದು ಇಲ್ಲದಿದ್ದರೆ ಒಂಬತ್ತು ತಿಂಗಳಲ್ಲಿ ಆ ಕೊರತೆ ತುಂಬುವುದು ಕಷ್ಟ. ಜೋಳದ ರೊಟ್ಟಿ, ಬೇಳೆ ತಿಂದ ಬೆನ್ನಿಗೇ ಒಂದು ಲೋಟ ಚಹಾ ಕುಡಿದರೆ ಇದ್ದ ಕಬ್ಬಿಣಾಂಶವೂ ಮೈಗೆ ಸರಿಯಾಗಿ ಹತ್ತದು. ಚಹಾ ಒಂದು ಗಂಟೆ ತಡವಾಗಲಿ, ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಬೀಳಲಿ. ಕಬ್ಬಿಣದ ಮಾತ್ರೆ ತಿಂದಾಗ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಇಷ್ಟನ್ನು ಮೊದಲೇ ಹೇಳದ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಮಾತ್ರೆಯ ಪಟ್ಟಿ ಗೋಡೆಯ ಮಾಡದಲ್ಲಿ ಹಾಗೇ ಉಳಿಯುತ್ತದೆ.

ಇನ್ನು ಎರಡು ಹೆರಿಗೆಗಳ ನಡುವಿನ ಕಾಲ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು, ಗರ್ಭಪಾತವಾಗಿದ್ದರೆ 6 ತಿಂಗಳು ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೈ ಚೇತರಿಸಿಕೊಂಡು ಕಳೆದುಕೊಂಡ ಕಬ್ಬಿಣಾಂಶವನ್ನು ಮತ್ತೆ ಕೂಡಿಸಿಕೊಳ್ಳಲು ಆ ಸಮಯ ಬೇಕು. "ಹಾಲು ಕುಡಿಸ್ತಿರೋವಾಗ ಬಸಿರಾಗಲ್ಲ ಬಿಡವ್ವಾ" ಎನ್ನುವ ಮಾತು ಅರ್ಧ ಮಾತ್ರ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಬರೀ ಎದೆಹಾಲೇ ಆಗಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಆ ನಂಬಿಕೆ ಕೈಕೊಡುತ್ತದೆ. ಬಸಿರು ಮುಂದೂಡಲು ಸರ್ಕಾರಿ ಆಸ್ಪತ್ರೆಗಳ ಯೋಜನೆಯಲ್ಲಿ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಉಚಿತವಾಗಿವೆ. ಆದರೂ ಎರಡು ಮಕ್ಕಳಾದ ಕೂಡಲೇ ಆಪರೇಷನ್ ಎಂಬ ಮಾತೇ ಮುಂದೆ ಬರುತ್ತದೆ, ಆ ಎರಡರ ನಡುವಿನ ಅಂತರದ ಬಗ್ಗೆ ಮಾತಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದರಿಂದ ಇನ್ನೊಂದು ತೊಡಕೂ ಇದೆ. ಬಾಣಂತಿಯನ್ನೂ ಹಸುಗೂಸನ್ನೂ ನೋಡಲು ಆಶಾ ಕಾರ್ಯಕರ್ತೆ ಮಾಡುವ ಮನೆಭೇಟಿ ಹೆರಿಗೆಯಾದ 42 ದಿನದವರೆಗೆ. ಬಾಣಂತಿ ತಿಂದು ಮುಗಿಸಬೇಕಾದ ಕಬ್ಬಿಣದ ಮಾತ್ರೆ 180 ದಿನಗಳದ್ದು. ನಡುವೆ ಆಕೆ ಗಂಡನ ಮನೆಗೆ ಮರಳುತ್ತಾಳೆ. ತವರಿನ ಆಶಾಗೆ ಆಕೆ ಹೊರಟುಹೋದವಳು, ಗಂಡನ ಊರಿನವರಿಗೆ ಹೆರಿಗೆ ಮುಗಿಸಿ ಬಂದವಳು. ಬಸಿರಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷಿಸಿಕೊಳ್ಳಬೇಕೆಂಬುದೂ ಈ ಓಡಾಟದಲ್ಲಿ ಬಿಟ್ಟುಹೋಗುತ್ತದೆ.

ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಲು ಅದೇ ತಾಯಿ ಮಗುವನ್ನೆತ್ತಿಕೊಂಡು ಅಂಗನವಾಡಿಗೆ ಬರುತ್ತಾಳೆ. ಮಗುವಿನ ತೂಕ ನೋಡಿದ ಮೇಲೆ ಆಕೆಯ ತೂಕವನ್ನೂ ನೋಡಿ, ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ಬರೆದಿಟ್ಟುಕೊಂಡು, ಮುಂದಿನ ಮಗು ಯಾವಾಗ ಬೇಕೆಂದಿದ್ದೀ ಎಂದು ಕೇಳಲು ಹತ್ತು ನಿಮಿಷ ಸಾಕು.