ಬಿಸಿಲಿದ್ದರೆ ನಾಲ್ಕು ದೇಶ ಕಾಣುತ್ತವೆಯೇ?

ಪ್ರಶ್ನೆ: ಜುಲೈನಲ್ಲಿ ಅಪ್ಪ ಅಮ್ಮ ಮ್ಯೂನಿಕ್‌ಗೆ ಬರುತ್ತಿದ್ದಾರೆ. ತ್ಸುಗ್‌ಶ್ಪಿಟ್ಸೆ ಶಿಖರದ ಮೇಲೆ ನಿಂತರೆ ನಾಲ್ಕು ದೇಶ ಕಾಣುತ್ತವಂತೆ. ಒಳ್ಳೆಯ ಬಿಸಿಲಿರುವ ದಿನ ನೋಡಿ ಟಿಕೆಟ್ ತೆಗೆದುಕೊಂಡರೆ ಸಾಕಲ್ಲವೇ?

ಸಾಲದು. ಪ್ರತಿ ವರ್ಷ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ನಾನು ಇದೇ ಉತ್ತರ ಕೊಡುತ್ತೇನೆ. ಆದರೂ ಜನ ಜುಲೈನ ನಡುಹಗಲಲ್ಲಿ ಮೇಲೇರಿ, ಎದುರಿಗೆ ಹಾಲು ಚೆಲ್ಲಿದಂಥ ಬಿಳುಪನ್ನು ನೋಡಿ, ದುಡ್ಡು ದಂಡವಾಯಿತೆಂದು ಬೈದುಕೊಂಡು ಇಳಿಯುತ್ತಾರೆ.

ನಾಲ್ಕು ದೇಶದ ಮಾತು ಸುಳ್ಳಲ್ಲ. 2962 ಮೀಟರ್ ಎತ್ತರದ ಈ ಶಿಖರ ಜರ್ಮನಿಯಲ್ಲೇ ಅತಿ ಎತ್ತರದ್ದು. ಆಸ್ಟ್ರಿಯಾದ ಗಡಿ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಇಟಲಿಯ ಓರ್ಟ್ಲರ್ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಸ್ವಿಟ್ಜರ್ಲೆಂಡಿನ ಪಿಟ್ಸ್ ಬೆರ್ನಿನಾ ಸುಮಾರು 140 ಕಿಲೋಮೀಟರ್ ದೂರ. ಕಾಣುವುದು ದೇಶಗಳಲ್ಲ, ಅವುಗಳ ಬೆಟ್ಟದ ತುದಿಗಳು. ರೋಮ್ ಕಾಣುತ್ತದೆಯೇ ಎಂದು ದಯವಿಟ್ಟು ಕೇಳಬೇಡಿ.

ಈಗ ಬಿಸಿಲಿನ ವಿಷಯ. ಬಿಸಿಲು ಬೇರೆ, ತಿಳಿಯಾದ ಗಾಳಿ ಬೇರೆ. ನಮ್ಮೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ: ಏಪ್ರಿಲ್‌ನ ಉರಿಬಿಸಿಲಲ್ಲಿ ಎದುರಿನ ಗುಡ್ಡ ಮಸುಕು ಮಸುಕು, ಒಂದು ಮಳೆ ಹೊಡೆದು ಹೋದ ಮರುದಿನ ಬೆಳಿಗ್ಗೆ ಅದೇ ಗುಡ್ಡದ ಮರಗಳನ್ನು ಎಣಿಸಬಹುದು. ಆಲ್ಪ್ಸ್‌ನಲ್ಲಿಯೂ ಇದೇ ನಡೆಯುತ್ತದೆ. ಬೇಸಿಗೆಯ ಬೆಳಿಗ್ಗೆ ಕಣಿವೆಗಳು ಬಿಸಿಯೇರುತ್ತವೆ. ಕಾದ ಗಾಳಿ ತನ್ನೊಳಗಿನ ತೇವ, ಧೂಳು, ಹೊಗೆಯನ್ನೆಲ್ಲ ಹೊತ್ತು ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಶಿಖರದ ಮಟ್ಟ ಮುಟ್ಟಿ, ಎಷ್ಟೋ ದಿನ ಅಲ್ಲೇ ಹತ್ತಿಯುಂಡೆಯಂಥ ಮೋಡವಾಗುತ್ತದೆ. ಮೋಡವಾಗದಿದ್ದರೂ ತೇವ ಹೀರಿ ಊದಿಕೊಂಡ ಕಣಗಳು ಬೆಳಕನ್ನು ಚದುರಿಸುತ್ತವೆ. ಸಾಲದ್ದಕ್ಕೆ ಇಟಲಿ, ಸ್ವಿಟ್ಜರ್ಲೆಂಡಿನ ಶಿಖರಗಳಿರುವುದು ದಕ್ಷಿಣದ ಕಡೆ. ನಡುಹಗಲ ಸೂರ್ಯನೂ ಅಲ್ಲೇ. ಬೆಳಕು ಎದುರಿನಿಂದ ಬಂದರೆ ಮಬ್ಬೇ ಹೊಳೆಯತೊಡಗುತ್ತದೆ, ಬೆಟ್ಟ ಅದರ ಹಿಂದೆ ಕರಗುತ್ತದೆ. ಅಂದರೆ ಬಿಸಿಲು ಜೋರಾದಷ್ಟೂ ನೋಟ ಕೆಡುವ ಸಾಧ್ಯತೆಯೇ ಹೆಚ್ಚು.

ಒಮ್ಮೆ ಜುಲೈನಲ್ಲಿ ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ತಲೆಯ ಮೇಲೆ ನೀಲಿ ಆಕಾಶ. ಕಟಕಟೆಗೆ ಒರಗಿ ಮಡಚಿದ ನಕ್ಷೆ ಬಿಡಿಸಿ ಅವರು ಎಣಿಸಿದ್ದು ಏಳು ಸಾಲು ಬೆಟ್ಟ. ಎಂಟನೆಯದು ಬೆಟ್ಟವೋ ಮೋಡವೋ ಎಂದು ನಾವಿಬ್ಬರೂ ವಾದಿಸುತ್ತಿರುವಾಗಲೇ ಅದು ಮೇಲೆದ್ದು ಹೋಯಿತು.

ಚಳಿಗಾಲದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಕಣಿವೆಯಲ್ಲೇ ಕೂರುತ್ತದೆ. ಮಂಜು, ಹೊಗೆ ಎಲ್ಲ ಅದರ ಜೊತೆ ಕೆಳಗೇ ಉಳಿಯುತ್ತವೆ. ಮ್ಯೂನಿಕ್‌ನಲ್ಲಿ ಬೂದು ಆಕಾಶ ನೋಡಿ ಜನ ಮನೆಯಲ್ಲೇ ಉಳಿದ ದಿನ ಮೇಲೆ ಒಣಗಾಳಿ, ಕಾಲಡಿ ಮೋಡದ ಕಡಲು, ಅದರಾಚೆ ಕತ್ತರಿಸಿಟ್ಟಂಥ ಶಿಖರಗಳು. ಅಕ್ಟೋಬರ್‌ನಿಂದ ಫೆಬ್ರುವರಿಯ ನಡುವೆ, ಶೀತಮಾರುತ ಹಾದುಹೋಗಿ ಗಾಳಿ ಶಾಂತವಾದ ಮರುದಿನ ಎಲ್ಲಕ್ಕಿಂತ ಒಳ್ಳೆಯದು. ಅಪ್ಪ ಅಮ್ಮ ಜುಲೈನಲ್ಲೇ ಬರುವುದಾದರೆ ಗುಡುಗುಮಳೆ ಸುರಿದ ಮರುದಿನ, ಮೊದಲ ಕೇಬಲ್ ಕಾರ್‌ನಲ್ಲಿ ಹೋಗಿ. ಹೊರಡುವ ಮುನ್ನ ಶಿಖರದ ವೆಬ್‌ಕ್ಯಾಮೆರಾ ನೋಡಿ. ಮೊಬೈಲಿನಲ್ಲಿ ಮೂಡುವ ಹಳದಿ ಸೂರ್ಯನ ಚಿತ್ರವನ್ನು ನಂಬಬೇಡಿ.

"ಫೋನ್ ಗಾಳಿ ಬೀಸಿದರೆ?" ಎಂದು ಇಲ್ಲಿ ಹಳಬರಾದವರು ಎದ್ದುನಿಲ್ಲುತ್ತಾರೆ. ಈ ಫೋನ್ (Föhn) ಎಂದರೆ ದಕ್ಷಿಣದಿಂದ ಆಲ್ಪ್ಸ್ ಹತ್ತಿ, ತೇವವನ್ನು ಅತ್ತಲೇ ಸುರಿದು, ಇತ್ತ ಇಳಿಯುತ್ತ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುವ ಒಣಗಾಳಿ. ಆ ದಿನ ಮ್ಯೂನಿಕ್‌ನಿಂದ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುವುದು ನಿಜ. ಆದರೆ ಅದು ಕೆಳಗಿನಿಂದ ಕಾಣುವ ಚೆಂದ. ಮೇಲೆ ಹೋದರೆ ದಕ್ಷಿಣದ ಮುಖ್ಯ ಸಾಲಿನ ಮೇಲೆ ಮೋಡದ ಗೋಡೆ ಎದ್ದು ಇಟಲಿಯನ್ನೇ ಮುಚ್ಚಿರಬಹುದು. ಗಾಳಿ ಜೋರಾದರೆ ಕೇಬಲ್ ಕಾರ್ ನಿಂತೂ ಹೋಗುತ್ತದೆ.

ಯಾರೂ ನೇರವಾಗಿ ಕೇಳದ, ಆದರೆ ಅನೇಕರ ಮನಸ್ಸಿನಲ್ಲಿರುವ ಅಳುಕೊಂದಿದೆ. ಮೇಲೆ ಜರ್ಮನಿಯ ಅಂಗಳದಿಂದ ಆಸ್ಟ್ರಿಯಾದ ಅಂಗಳಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಒಂದೇ ಪ್ರವೇಶದ ವೀಸಾ ಮುಗಿದುಹೋಗುತ್ತದೆಯೇ? ಒಬ್ಬರ ತಾಯಿ ಆ ಭಯಕ್ಕೇ ಗಡಿಯ ಫಲಕದ ಈಚೆ ನಿಂತು, ಮಗನ ಕೈಗೆ ಮೊಬೈಲ್ ಕೊಟ್ಟು ಆಚೆಯ ಫೋಟೊ ತರಿಸಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಅಷ್ಟು ಎತ್ತರದಲ್ಲೂ ತಪಾಸಣೆ ಇತ್ತು. ಈಗ ಎರಡೂ ದೇಶ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ಒಳಗಿವೆ; ಆಚೆ ಹೋಗಿ ಕಾಫಿ ಕುಡಿದು ಬಂದರೆ ವೀಸಾಕ್ಕೆ ಏನೂ ಆಗುವುದಿಲ್ಲ. ಆದರೆ ಜರ್ಮನಿಯ ಬದಿಯ ಐಬ್‌ಸೇ ಸರೋವರದಿಂದ ಹತ್ತಿ, ಆಸ್ಟ್ರಿಯಾದ ಕೇಬಲ್ ಕಾರ್‌ನಲ್ಲಿ ಇಳಿದು, ರಸ್ತೆಯಲ್ಲಿ ಜರ್ಮನಿಗೆ ಮರಳುವ ಯೋಚನೆಯಿದ್ದರೆ ಪಾಸ್‌ಪೋರ್ಟ್‌ಗಳು ಕೈಚೀಲದಲ್ಲಿರಲಿ. 2015ರಿಂದ ಆ ಗಡಿಯಲ್ಲಿ ಜರ್ಮನಿಯ ಪೊಲೀಸರು ಮತ್ತೆ ತಪಾಸಣೆ ಮಾಡುತ್ತಿದ್ದಾರೆ.